ಗೃಹಿಣಿಯ ವೇಳೆ ಯಾರದು?

ಮೊನ್ನೆ ಪುಣೆಯಿಂದ ಮಗಳು ಫೋನು ಮಾಡಿದ್ದಳು. ಎರಡನೆಯ ಹೆರಿಗೆಯಾದ ಮೇಲೆ ಅವಳು ನೌಕರಿ ಬಿಟ್ಟು ಮನೆಯಲ್ಲಿಯೇ ಇದ್ದಾಳೆ. ಬೆಳಗಿನಿಂದ ರಾತ್ರಿಯವರೆಗೆ ಕೈಗೆ ಬಿಡುವಿಲ್ಲ. ಆದರೂ ಮಲಗುವ ಹೊತ್ತಿಗೆ, ಇಂದು ಏನು ಮಾಡಿದೆ ಎಂದು ತನ್ನನ್ನು ತಾನೇ ಕೇಳಿಕೊಂಡರೆ ಹೇಳಲು ಏನೂ ಉಳಿದಿರುವುದಿಲ್ಲ ಎಂಬುದು ಅವಳ ಅಳಲು. ಕಡೆಗೆ, "ಅವ್ವಾ, ಚಾಂದವಡದಾಗ ನೀ ಅಡಿಗಿಮನಿ ಗ್ವಾಡಿಗೆ ಒಂದು ಟೈಮ್‌ಟೇಬಲ್ ಹಚ್ಚಿದ್ದಿ ನೋಡು, ಅಂಥಾದ್ದು ಒಂದು ನನಗೂ ಬರದು ಕಳಸು" ಎಂದಳು.

ಕಳಿಸುತ್ತೇನೆ ಎಂದು ಹೇಳಿ ಫೋನು ಇಟ್ಟೆ. ಆದರೆ ಕಾಗದ ಹಿಡಿದು ಕುಳಿತಾಗ ಅದು ಅಷ್ಟು ಸುಲಭವಾಗಿ ತೋರಲಿಲ್ಲ. ಆ ಪಟ್ಟಿ ನಮ್ಮ ಗೋಡೆಯ ಮೇಲೆ ಮೂರು ತಿಂಗಳು ಸಹ ಇರಲಿಲ್ಲವೆಂಬುದು ಮಗಳಿಗೆ ಗೊತ್ತಿಲ್ಲ. ಅದು ಏಕೆ ಇಳಿಯಿತೆಂಬುದೂ ಗೊತ್ತಿಲ್ಲ. ಮನೆಯಲ್ಲಿರುವ ತಾಯಿ ತನ್ನ ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದು ಮೇಲುನೋಟಕ್ಕೆ ಜಾಣತನದ ಪ್ರಶ್ನೆ. ಒಳಹೊಕ್ಕು ನೋಡಿದರೆ ಅದು ನ್ಯಾಯದ ಪ್ರಶ್ನೆ ಎಂದು ನನಗೆ ಮೊದಲು ಅನ್ನಿಸಿದ್ದು ಆ ಊರಿನಲ್ಲಿಯೇ. ನಮ್ಮ ಸಂಘದ ಬಳಗದಲ್ಲಿ ಇಂಥ ಮನೆಗಳು ಬಹಳ ಇರುವುದರಿಂದ, ಮಗಳಿಗೆ ಬರೆಯುವ ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ.

ಚಾಂದವಡ ನಾಸಿಕ ಜಿಲ್ಲೆಯ ಒಂದು ತಾಲೂಕು ಸ್ಥಳ. ಮುಂಬಯಿ–ಆಗ್ರಾ ಹೆದ್ದಾರಿಯಲ್ಲಿ ನಾಸಿಕದಿಂದ ಸುಮಾರು 65 ಕಿಲೋಮೀಟರು ದೂರ. ಸಾತಮಾಳ ಬೆಟ್ಟಸಾಲಿನ ಮಡಿಲಲ್ಲಿರುವ ಊರು. ಸುತ್ತಲೂ ಉಳ್ಳಾಗಡ್ಡಿಯ ಹೊಲಗಳು; ಮಳೆ ಕಡಿಮೆ. ಊರೊಳಗೆ ಹೋಳ್ಕರ ಮನೆತನದ ರಂಗಮಹಲ್ ಇದೆ. ಹೆದ್ದಾರಿಯ ಪಕ್ಕದ ಗುಡ್ಡದಲ್ಲಿ ರೇಣುಕಾದೇವಿಯ ಗುಡಿ ಇದೆ. ನಮ್ಮ ಸವದತ್ತಿಯ ಎಲ್ಲಮ್ಮನೂ ರೇಣುಕೆಯೇ ಅಲ್ಲವೆ? 1990ರ ಸುಮಾರಿಗೆ ನಮ್ಮವರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಧಾರವಾಡದಿಂದ ಅಲ್ಲಿಗೆ ಹೋದಾಗ, ಪರಸ್ಥಳದಲ್ಲಿ ನಮ್ಮವಳೊಬ್ಬಳು ಇದ್ದಾಳೆಂಬ ಸಮಾಧಾನ ನನಗಾಯಿತು. ಅವಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಈ "ಬೇರೆ ಯಾರೂ ಇರಲಿಲ್ಲ" ಎಂಬ ಮಾತಿನ ಅರ್ಥ ಹೊರನಾಡಿಗೆ ಬಂದ ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ಧಾರವಾಡದ ಮನೆಯಲ್ಲಿ ಅತ್ತೆಯವರು, ಇಬ್ಬರು ನೆಗೆಣ್ಣಿಯರು, ಮದುವೆಯಾಗದ ಒಬ್ಬ ನಾದಿನಿ ಇದ್ದರು. ಒಬ್ಬರು ಒಲೆಯ ಮುಂದಿದ್ದರೆ ಇನ್ನೊಬ್ಬರು ಕೂಸಿಗೆ ಎರೆಯುತ್ತಿದ್ದರು. ಅಲ್ಲಿ ಸುಖವೇ ಇತ್ತೆಂದು ಹೇಳುತ್ತಿಲ್ಲ. ಯಾರು ಯಾವಾಗ ಕೂಡಬೇಕು, ಯಾವಾಗ ಏಳಬೇಕು ಎಂಬುದನ್ನು ಅತ್ತೆಯವರ ಕಣ್ಣೇ ನಿರ್ಧರಿಸುತ್ತಿತ್ತು. ಆದರೆ ಒಂದು ಕೈ ಸೋತರೆ ಇನ್ನೊಂದು ಕೈ ಇರುತ್ತಿತ್ತು. ಚಾಂದವಡಕ್ಕೆ ಬಂದಾಗ ಉಣ್ಣುವ ಬಾಯಿಗಳು ಕಡಿಮೆಯಾದವು ನಿಜ. ಕೆಲಸದ ಬಗೆಗಳಲ್ಲಿ ಮಾತ್ರ ಒಂದೂ ಕಡಿಮೆಯಾಗಲಿಲ್ಲ. ಹಾಗಾಗಿ ವೇಳಾಪಟ್ಟಿ ಎಂಬುದು ಕೂಡುಕುಟುಂಬದಲ್ಲಿ ಹುಟ್ಟಿದ ವಸ್ತುವಲ್ಲ. ಎರಡೇ ಕೈ ಉಳಿದ ಮನೆಯಲ್ಲಿ ಹುಟ್ಟಿದ ವಸ್ತು.

ನಾನು ಬರೆದ ಪಟ್ಟಿ ನೋಡಲು ಚೆನ್ನಾಗಿಯೇ ಇತ್ತು. ಕೆಂಪು, ನೀಲಿ ಪೆನ್ಸಿಲಿನಿಂದ ಗೆರೆ ಹಾಕಿ ಬರೆದಿದ್ದೆ. ನಲ್ಲಿಗೆ ನೀರು ದಿನ ಬಿಟ್ಟು ದಿನ ನಸುಕಿನಲ್ಲಿ ಬರುತ್ತಿದ್ದುದರಿಂದ 4-30ಕ್ಕೆ ನೀರು. 5-30ಕ್ಕೆ ಒಲೆ. 6-15ಕ್ಕೆ ಮಗಳನ್ನು ಎಬ್ಬಿಸುವುದು, 6-40ಕ್ಕೆ ಅವಳ ಹಾಲು ಮುಗಿಯುವುದು, 7ಕ್ಕೆ ಶಾಲೆ. 9-30ಕ್ಕೆ ನಮ್ಮವರ ಊಟ. ಆಮೇಲೆ ಸಣ್ಣವನ ಸ್ನಾನ, ಅವನ ನಿದ್ದೆ, ಆ ನಿದ್ದೆಯ ಹೊತ್ತಿನಲ್ಲಿ ಬಟ್ಟೆ. ಹೀಗೆ ರಾತ್ರಿ 10ರವರೆಗೆ ಒಂದು ಮನೆಯೂ ಖಾಲಿಯಿಲ್ಲದ ಪಟ್ಟಿ. ಹೊಂದಿಸಿದ ದಿನ ನನಗೆ ಹೆಮ್ಮೆಯೇ ಆಗಿತ್ತು.

ಎರಡು ತಿಂಗಳು ಕಳೆದಿರಬೇಕು. ಒಂದು ಮುಂಜಾನೆ ಮಗಳು ಹಾಲಿನ ಲೋಟ ಮುಂದಿಟ್ಟುಕೊಂಡು ಕಿಟಕಿಯಲ್ಲಿ ಕುಳಿತ ಗುಬ್ಬಿಯನ್ನು ನೋಡುತ್ತಿದ್ದಳು. ಗಡಿಯಾರದಲ್ಲಿ 6-50 ಆಗಿತ್ತು. ನಾನು ಅವಳನ್ನು ಹೊಡೆದೆ. ಸಿಟ್ಟಿಗೆ ಕಾರಣವಾಗುವಂಥದ್ದನ್ನು ಆ ಏಳು ವರ್ಷದ ಹುಡುಗಿ ಏನೂ ಮಾಡಿರಲಿಲ್ಲ. ಪಟ್ಟಿಯಲ್ಲಿ ಗುಬ್ಬಿಗೆ ಜಾಗವಿರಲಿಲ್ಲ, ಅಷ್ಟೆ.

ಅಳುವಿನ ಸದ್ದು ಕೇಳಿ ಪಕ್ಕದ ಮನೆಯ ಕಾಕೂ ಬಂದರು. ಒಂದು ಎಮ್ಮೆ, ಎರಡು ಎಕರೆ ಹೊಲ ಇದ್ದ ಮನೆ ಅವರದು. ಮಗುವನ್ನು ಮಡಿಲಿಗೆ ಎಳೆದುಕೊಂಡು, ಗೋಡೆಯ ಮೇಲಿನ ಕಾಗದದಲ್ಲಿ ಏನು ಬರೆದಿದೆ ಎಂದು ಕೇಳಿದರು. ಕನ್ನಡದಲ್ಲಿದ್ದುದನ್ನು ಮರಾಠಿಯಲ್ಲಿ ಓದಿ ಹೇಳಿದೆ. ಎಲ್ಲವನ್ನೂ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಸಾಹೇಬರ ಕೆಲಸ ಯಾವುದು?" ನಾನು ಪಟ್ಟಿಯನ್ನು ಮತ್ತೆ ನೋಡಿದೆ. ನಮ್ಮವರ ಹೆಸರು ಇದ್ದದ್ದು ಒಂದೇ ಕಡೆ, 9-30ಕ್ಕೆ. ಅಲ್ಲಿ ಅವರಿಗಿದ್ದ ಕೆಲಸ ಉಣ್ಣುವುದು.

ಕಾಕೂ ನಕ್ಕರು. ಆಮೇಲೆ ತಮ್ಮ ಎಮ್ಮೆಯ ಕಥೆ ಹೇಳಿದರು. ಕೆಲವು ವರ್ಷಗಳ ಹಿಂದೆ ಊರಿನಲ್ಲಿ ಹೆಂಗಸರ ದೊಡ್ಡ ಸಭೆ ನಡೆದಾಗ ಅವರು ಎರಡು ದಿನ ಮನೆಗೆ ಹೋಗಿರಲಿಲ್ಲವಂತೆ. "ನನ್ನ ಕೈ ಬಿಟ್ಟರೆ ಎಮ್ಮೆ ಯಾರಿಗೂ ಹಾಲು ಕೊಡುವುದಿಲ್ಲ ಎಂದು ಎಲ್ಲರಿಗೂ ನಾನೇ ಹೇಳಿಕೊಂಡು ಬಂದಿದ್ದೆ ಬಾಯೀ. ಮೊದಲನೆಯ ದಿನ ಎಮ್ಮೆ ನಮ್ಮ ಮಾಲಕರನ್ನು ಒದ್ದಿತು. ಎರಡನೆಯ ದಿನ ಹಾಲು ಕೊಟ್ಟಿತು."

ಅವರು ಹೇಳಿದ ಸಭೆ ಸಣ್ಣದಲ್ಲ. 1986ರ ನವೆಂಬರಿನಲ್ಲಿ ಶೇತಕರಿ ಸಂಘಟನೆಯ ಮಹಿಳಾ ಆಘಾಡಿ ಚಾಂದವಡದಲ್ಲಿ ನಡೆಸಿದ ಅಧಿವೇಶನ ಅದು. ಮಹಾರಾಷ್ಟ್ರದ ಹಳ್ಳಿಹಳ್ಳಿಗಳಿಂದ ಬಂದ ಹೆಂಗಸರ ಸಂಖ್ಯೆ ಲಕ್ಷವನ್ನು ಮೀರಿತ್ತೆಂದು ಹೇಳುತ್ತಾರೆ. ಉಳ್ಳಾಗಡ್ಡಿಗೆ ನ್ಯಾಯವಾದ ಬೆಲೆ ಬೇಕೆಂದು ರೈತರನ್ನು ಹೆದ್ದಾರಿಗೆ ಇಳಿಸಿದ್ದ ಶರದ್ ಜೋಶಿಯವರು (1935–2015) ಈ ಸಂಘಟನೆಯ ಮುಂದಾಳು. ರೈತನ ದುಡಿಮೆಗೆ ತಕ್ಕ ಬೆಲೆ ಸಿಗುತ್ತಿಲ್ಲವೆಂದು ಕೂಗಿದ ಚಳವಳಿ, ರೈತನ ಹೆಂಡತಿಯ ದುಡಿಮೆಗೆ ಬೆಲೆಯೇ ಇಲ್ಲವೆಂಬುದನ್ನು ಹೆಚ್ಚು ದಿನ ಕಾಣದೆ ಇರಲಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಅದೇ ಸಂಘಟನೆ "ಲಕ್ಷ್ಮೀಮುಕ್ತಿ" ಎಂಬ ಕಾರ್ಯಕ್ರಮ ಆರಂಭಿಸಿ, ಗಂಡಂದಿರು ಜಮೀನಿನ ಒಂದು ಪಾಲನ್ನು ಹೆಂಡತಿಯ ಹೆಸರಿಗೆ ಬರೆದುಕೊಡಬೇಕೆಂದು ಹಳ್ಳಿಗಳನ್ನು ಒಪ್ಪಿಸಿತು. ಈ ಅಧಿವೇಶನದ ವಿಚಾರಗಳ ಪುಸ್ತಿಕೆಗೆ "ಚಾಂದವಡಚೀ ಶಿದೋರೀ" ಎಂದು ಹೆಸರು. ಶಿದೋರೀ ಎಂದರೆ ನಮ್ಮ ಬುತ್ತಿ. ಯಾವಾಗಲೂ ಇನ್ನೊಬ್ಬರಿಗಾಗಿ ಬುತ್ತಿ ಕಟ್ಟುವ ಕೈಗೆ ಚಾಂದವಡ ಕಟ್ಟಿಕೊಟ್ಟ ಬುತ್ತಿ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ.

ಇಂಥದೇ ಒಂದು ಪಾಠವನ್ನು ಅದಕ್ಕೆ ಮೊದಲು ದೂರದ ಐಸ್‌ಲ್ಯಾಂಡ್ ದೇಶದ ಹೆಂಗಸರು ಕಲಿಸಿದ್ದರು. ಅಂತರರಾಷ್ಟ್ರೀಯ ಮಹಿಳಾ ವರ್ಷವಾದ 1975ರ ಅಕ್ಟೋಬರ್ 24ರಂದು ಅಲ್ಲಿನ ಹತ್ತರಲ್ಲಿ ಒಂಬತ್ತು ಹೆಂಗಸರು ಮನೆಯ ಒಳಗಿನ, ಹೊರಗಿನ ಕೆಲಸವನ್ನೆಲ್ಲ ಒಂದು ದಿನ ನಿಲ್ಲಿಸಿದರು. ಗಂಡಸರು ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋಗಬೇಕಾಯಿತು. ದೇಶ ಮುಳುಗಲಿಲ್ಲ, ಆದರೆ ಯಾರ ಕೈಯ ಮೇಲೆ ನಿಂತಿದೆ ಎಂಬುದು ಅದಕ್ಕೆ ತಿಳಿಯಿತು.

ಒಂದು ದಿನ, ಎರಡು ದಿನದ ಮಾತು ಸರಿ. ದಿನನಿತ್ಯದ ಬಾಳಿಗೆ ಇದರಿಂದ ಏನು? ಈ ಪ್ರಶ್ನೆಗೆ ನನಗೆ ದಾರಿ ತೋರಿದ್ದು ಅದೇ ಊರಿನ ಇನ್ನೊಬ್ಬ ಹೆಣ್ಣುಮಗಳು. ಸಂಜೆ ಮಕ್ಕಳನ್ನು ಕರೆದುಕೊಂಡು ರಂಗಮಹಲಿನ ಕಡೆ ಹೋಗುತ್ತಿದ್ದೆ. ಅಲ್ಲಿ ಅಹಲ್ಯಾಬಾಯಿ ಹೋಳ್ಕರರ (1725–1795) ಹೆಸರನ್ನು ಹೇಳದವರಿಲ್ಲ. 1754ರಲ್ಲಿ ಗಂಡ, 1766ರಲ್ಲಿ ಮಾವ, 1767ರಲ್ಲಿ ಒಬ್ಬನೇ ಮಗ ತೀರಿಕೊಂಡ ಮೇಲೆ ರಾಜ್ಯದ ಭಾರ ಹೊತ್ತು ಸುಮಾರು ಮೂವತ್ತು ವರ್ಷ ಆಳಿದವರು. ಅವರ ದಿನಚರಿಯನ್ನು ಜಾನ್ ಮಾಲ್ಕಮ್ ಎಂಬ ಬ್ರಿಟಿಷ್ ಅಧಿಕಾರಿ ಬರೆದಿಟ್ಟಿದ್ದಾನೆ. 1823ರಲ್ಲಿ ಪ್ರಕಟವಾದ ಅವನ ಮಧ್ಯಭಾರತದ ಗ್ರಂಥದಲ್ಲಿ ಅದಿದೆ. ಬೆಳಗಾಗಲು ಒಂದು ತಾಸು ಇರುವಾಗ ಏಳುವುದು, ಪೂಜೆ, ಪುರಾಣಶ್ರವಣ, ದಾನ, ತಾವೇ ನಿಂತು ಬ್ರಾಹ್ಮಣರಿಗೆ ಬಡಿಸುವುದು, ಸಾದಾ ಊಟ, ಕೊಂಚ ವಿಶ್ರಾಂತಿ. ಮಧ್ಯಾಹ್ನ 2ಕ್ಕೆ ದರ್ಬಾರಿಗೆ ಬಂದರೆ ಸಂಜೆ 6ರವರೆಗೆ. ಮತ್ತೆ ಪೂಜೆ, ಫಲಾಹಾರ. ರಾತ್ರಿ 9ರಿಂದ 11ರವರೆಗೆ ಪುನಃ ರಾಜ್ಯದ ಕೆಲಸ. ಆಮೇಲೆ ನಿದ್ದೆ.

ಇದಕ್ಕಿಂತ ಆದರ್ಶವಾದ ದಿನಚರಿ ಉಂಟೆ ಎಂದು ಮೊದಲು ನಾನೂ ಬೆರಗಾಗಿದ್ದೆ. ಆಮೇಲೆ ಎರಡು ಸಂಗತಿಗಳು ಹೊಳೆದವು. ಮೊದಲನೆಯದು, ಮಧ್ಯಾಹ್ನ 2 ಗಂಟೆ ಬಾಯಿಯವರದು ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗೆಯೇ ಅದಕ್ಕೆ ಮುಂಚಿನ ವಿಶ್ರಾಂತಿಯೂ ಅವರದೇ. ಕಾಯುವವರು ಕಾಯುತ್ತಿದ್ದರು. ವೇಳಾಪಟ್ಟಿಯನ್ನು ಬರೆದವರೊಬ್ಬರೇ ಪಾಲಿಸಿದರೆ ಸಾಲದು. ಸುತ್ತಲಿನವರು ಅದನ್ನು ಮನ್ನಿಸಿದರೆ ಮಾತ್ರ ಅದು ವೇಳಾಪಟ್ಟಿ. ಇಲ್ಲವಾದರೆ ಅದು ತನ್ನ ಸಂಕೋಲೆಗೆ ತಾನೇ ಬಣ್ಣ ಬಳಿದುಕೊಂಡಂತೆ. ನನ್ನ ಕೆಂಪು ನೀಲಿ ಗೆರೆಗಳು ಮಾಡಿದ್ದು ಅದನ್ನೇ.

ಎರಡನೆಯದು ಇನ್ನೂ ಕಠಿಣವಾದ ಸಂಗತಿ. ಮಹಾರಾಣಿ ನಸುಕಿನಲ್ಲಿ ಎದ್ದು ಸ್ನಾನ ಮಾಡಬೇಕಾದರೆ ನೀರು ಕಾಯಿಸಿದವಳು ಎಷ್ಟು ಹೊತ್ತಿಗೆ ಎದ್ದಿದ್ದಳು? ಬ್ರಾಹ್ಮಣರಿಗೆ ಬಡಿಸಿದ ಅನ್ನವನ್ನು ಬೇಯಿಸಿದವರ ದಿನಚರಿ ಎಲ್ಲಿದೆ? ಮಾಲ್ಕಮ್ ಸಾಹೇಬ ಅದನ್ನು ಬರೆಯಲಿಲ್ಲ. ಅಹಲ್ಯಾಬಾಯಿಯವರ ಪುಣ್ಯಕ್ಕೆ ಇದರಿಂದ ಕುಂದಿಲ್ಲ. ಆದರೆ ಬರೆದಿಟ್ಟ ಪ್ರತಿಯೊಂದು ದಿನಚರಿಯ ಕೆಳಗೆ ಯಾರೂ ಬರೆಯದ ಇನ್ನೊಂದು ದಿನಚರಿ ಅಡಿಪಾಯದ ಹಾಗೆ ಇರುತ್ತದೆ. ನಮ್ಮ ಮನೆಗಳಲ್ಲಿ ಗಂಡನ 9-30ರ ಕೆಳಗೆ, ಮಕ್ಕಳ 7ರ ಕೆಳಗೆ ಇರುವುದು ಅಂಥ ದಿನಚರಿಯೇ.

ಇದು ಒಬ್ಬಿಬ್ಬರ ಮನೆಯ ಮಾತಲ್ಲ. ಕೇಂದ್ರ ಸರಕಾರ 2019ರಲ್ಲಿ ದೇಶದ ಉದ್ದಗಲಕ್ಕೂ ಜನ ವೇಳೆಯನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ನಡೆಸಿತು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವ ವೇಳೆ ದಿನಕ್ಕೆ ಸರಾಸರಿ 299 ನಿಮಿಷ. ಮಾಡುವ ಗಂಡಸರು ಕೊಡುವುದು 97 ನಿಮಿಷ. 2024ರಲ್ಲಿ ಮತ್ತೆ ಎಣಿಸಿದಾಗ ಹೆಂಗಸರದು 289 ನಿಮಿಷಕ್ಕೆ ಇಳಿದಿತ್ತು. ಹತ್ತು ನಿಮಿಷ ಹಗುರಾಯಿತೆಂದು ಸಂತೋಷಪಡುವಷ್ಟರಲ್ಲಿ ಗಂಡಸರ ಲೆಕ್ಕ ನೋಡಿದೆ. ಅದು 88ಕ್ಕೆ ಇಳಿದಿತ್ತು. ಅಂದರೆ ಹೆಂಗಸರ ಹತ್ತು ನಿಮಿಷವನ್ನು ಗಂಡಸರು ಹೊತ್ತುಕೊಂಡದ್ದಲ್ಲ. ಪ್ರಾಯಶಃ ಗ್ಯಾಸು, ಮಿಕ್ಸರು, ನಲ್ಲಿಗಳು ಹೊತ್ತುಕೊಂಡಿರಬೇಕು.

ಇಲ್ಲಿ ಕೆಲವರು ಆಕ್ಷೇಪಿಸಬಹುದು. ತಾಯಿಯ ಪ್ರೀತಿ ಗಡಿಯಾರ ನೋಡುತ್ತದೆಯೆ? ಪಾಲು, ಲೆಕ್ಕ ಎನ್ನುತ್ತ ಹೋದರೆ ಮನೆ ಕಚೇರಿಯಾಗುವುದಿಲ್ಲವೆ? ಎರಡು ತಾಸು ಲೋಕಲ್ ಗಾಡಿಯಲ್ಲಿ ನಿಂತು ಬಂದ ಗಂಡನ ಕೈಗೆ ಪೊರಕೆ ಕೊಡುವುದು ಧರ್ಮವೆ? ಇವು ತಳ್ಳಿಹಾಕುವ ಪ್ರಶ್ನೆಗಳಲ್ಲ. ರಾತ್ರಿ ಜ್ವರ ಬಂದ ಮಗುವಿನ ಪಕ್ಕದಲ್ಲಿ ಕುಳಿತ ತಾಯಿ ನಿಮಿಷ ಎಣಿಸುವುದಿಲ್ಲ, ಎಣಿಸಲೂಬಾರದು. ಆದರೆ ಪ್ರೀತಿಯಿಂದ ಕೊಡುವುದಕ್ಕೂ ಬೇರೆ ದಾರಿಯಿಲ್ಲದೆ ಕೊಡುವುದಕ್ಕೂ ಅಂತರವಿದೆ. ತನ್ನದೆಂಬ ವೇಳೆ ಇದ್ದವಳು ಮಾತ್ರ ವೇಳೆಯನ್ನು ದಾನ ಮಾಡಬಲ್ಲಳು. ಇಲ್ಲದವಳಿಂದ ಅದು ವಸೂಲಾಗುತ್ತದೆ. ವಸೂಲಿಯಾದ ಪ್ರೀತಿ ಎಂಥದೆಂಬುದನ್ನು 6-50ರ ಆ ಮುಂಜಾನೆ ನಾನು ನನ್ನ ಕೈಯಲ್ಲಿಯೇ ಕಂಡೆ. ಇನ್ನು ದಣಿದ ಗಂಡನ ಮಾತು. ಹಂಚಿಕೆ ಎಂದರೆ ಸರಿಸಮ ತೂಕವಲ್ಲ. ಯಾರಿಗೆ ಎಷ್ಟು ಸಾಧ್ಯವೆಂಬುದನ್ನು ಕೂಡಿ ಕುಳಿತು ಮಾತಾಡುವುದು. ಆ ಮಾತುಕತೆಯೇ ಬೇಡವೆನ್ನುವ ಮನೆಯಲ್ಲಿ ಕೊರತೆಯಿರುವುದು ಶಕ್ತಿಗಲ್ಲ.

ಹೆಂಡತಿಯ ದುಡಿಮೆಗೆ ಬೆಲೆ ಕಟ್ಟುವುದೇ ಅಪಚಾರ ಎನ್ನುವವರೂ ಇದ್ದಾರೆ. ಆದರೆ ನ್ಯಾಯಾಲಯಗಳು ಅನಿವಾರ್ಯವಾಗಿ ಅದನ್ನು ಮಾಡುತ್ತಲೇ ಬಂದಿವೆ. 1989ರಲ್ಲಿ ಜಮಶೇಡ್‌ಪುರದ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರು, ಮಕ್ಕಳು ಪ್ರಾಣ ಕಳೆದುಕೊಂಡರು. ಆ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ಸೇವೆಯ ಬೆಲೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಹಿಡಿಯಿತು. ಬದುಕಿರುವಾಗ ಲೆಕ್ಕಕ್ಕೆ ಬಾರದ ಕೆಲಸ, ಸತ್ತ ಮೇಲೆ ಲೆಕ್ಕಕ್ಕೆ ಬಂತು. ಬದುಕಿರುವಾಗಲೇ ಲೆಕ್ಕ ಹಿಡಿಯುವುದು ಅದಕ್ಕಿಂತ ಅಪಚಾರವಾಗಲಾರದು.

ಹಾಗೆಂದು ತಪ್ಪೆಲ್ಲ ಗಂಡಸರದೇ ಎಂದು ಬರೆದು ಮುಗಿಸಿದರೆ ಅರ್ಧ ಸತ್ಯವಾದೀತು. ಆ ದಿನ ರಾತ್ರಿ ನಾನು ನಮ್ಮವರ ಮುಂದೆ ಪಟ್ಟಿ ಇಟ್ಟು, ಕಾಕೂ ಕೇಳಿದ ಪ್ರಶ್ನೆಯನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರು ನಾ ಹಿಡಿತೀನಿ" ಎಂದರು. ಮೊದಲ ಸರದಿಯಲ್ಲಿ ಅವರಿಗೆ ಎಚ್ಚರವಾಗಲಿಲ್ಲ. ನಲ್ಲಿಯ ಸದ್ದು ನನಗೆ ಕೇಳುತ್ತಿತ್ತು. ಎದ್ದು ಹೋಗಿಬಿಡಲೆ ಎಂದು ಜೀವ ಚಡಪಡಿಸಿತು. ಎದ್ದಿದ್ದರೆ ಆ ಕೆಲಸ ಜನ್ಮಪೂರ್ತಿ ನನ್ನದೇ ಆಗುತ್ತಿತ್ತು. ಏಳಲಿಲ್ಲ. ಎರಡು ದಿನ ಕಾಕೂ ಮನೆಯಿಂದ ಕೊಡ ತಂದು ದೂಡಿದೆವು. ಮುಂದಿನ ಸರದಿಗೆ ಅವರು ಗಡಿಯಾರಕ್ಕೆ ಅಲಾರಂ ಇಟ್ಟರು. ನನ್ನ ಕೈಯಿಲ್ಲದೆ ನಡೆಯುವುದಿಲ್ಲ ಎಂಬ ಅಭಿಮಾನ ನಮಗೂ ಇರುತ್ತದೆ. ಅದನ್ನು ಬಿಡುವುದು ಸುಲಭವಲ್ಲ. ಎಮ್ಮೆ ಒಂದು ದಿನ ಒದೆಯುವುದಕ್ಕೂ ನಾವು ಅವಕಾಶ ಕೊಡಬೇಕು.

"ಸಾಕು" ಎಂಬ ಮಾತನ್ನೂ ನಾವು ಕಲಿಯಬೇಕು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತಿದೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಂದಿನ ಅಗತ್ಯಕ್ಕೆ ಮೀರಿದ್ದನ್ನು ತಿರುಗಿ ಸುರಿದು ಬರಲು ಹೇಳಿದವಳು ಅವಳು. ಕಾಯಕದ ಹಿರಿಮೆಯನ್ನು ಹೇಳುವಾಗ ನಾವು ಅದರ ಅಳತೆಯನ್ನು ಮರೆಯುತ್ತೇವೆ. ದಿನವೂ ಮೂರು ಬಗೆಯ ಪಲ್ಯ, ದಿನವೂ ನೆಲ ಒರೆಸುವುದು, ಮಗುವಿಗೆ ಸಂಗೀತ, ಚಿತ್ರಕಲೆ, ಈಜು ಎಂದು ಓಡುವುದು – ಇವುಗಳಲ್ಲಿ ಇಂದಿಗೆ ಬೇಕಾದದ್ದು ಎಷ್ಟು, ನೆರೆಯವರ ಕಣ್ಣಿಗಾಗಿ ಮಾಡುವುದು ಎಷ್ಟು? ವೇಳಾಪಟ್ಟಿಯಿಂದ ಹೆಚ್ಚು ಕೆಲಸ ತುರುಕಬಹುದೆಂದು ನಾನು ನಂಬಿದ್ದೆ. ಕೆಲಸವನ್ನು ತಿರುಗಿ ಸುರಿದು ಬರಲಿಕ್ಕೆ ಅದು ಬೇಕು ಎಂದು ಈಗ ಅನ್ನಿಸುತ್ತದೆ.

ಕೊನೆಗೆ ನನ್ನದೇ ಒಂದು ತಪ್ಪೊಪ್ಪಿಗೆ. ಚಾಂದವಡದಿಂದ ಮುಂಬಯಿಗೆ ಬಂದ ಮೇಲೆ ಕೆಲಸಕ್ಕೆ ಒಬ್ಬ ಬಾಯಿಯನ್ನು ಇಟ್ಟುಕೊಂಡೆವು. ಮಧ್ಯಾಹ್ನ 3ರಿಂದ 4 ನನ್ನದಾಯಿತು. ಓದಿದೆ, ಬರೆದೆ, ಸಂಘದ ಕಾರ್ಯಕ್ರಮಗಳಿಗೆ ಹೋದೆ. ಸಮಸ್ಯೆ ಬಗೆಹರಿಯಿತೆಂದು ಎಷ್ಟೋ ವರ್ಷ ತಿಳಿದಿದ್ದೆ. ಒಂದು ದಿನ ಆ ಬಾಯಿ ಮಾತಿನ ನಡುವೆ, ತಾನು ಏಳುವುದು ನಾಲ್ಕು ಗಂಟೆಗೆ ಎಂದಳು. ತನ್ನ ಮನೆಯ ನೀರು, ಒಲೆ ಮುಗಿಸಿ ನಮ್ಮಲ್ಲಿಗೆ ಬರಬೇಕಲ್ಲ. ರಂಗಮಹಲಿನಲ್ಲಿ ನಾನು ಕೇಳಿದ ಪ್ರಶ್ನೆ ನನ್ನ ಬಾಗಿಲಿಗೇ ಬಂದು ನಿಂತಿತು. ಕೆಲಸದವರನ್ನು ಇಟ್ಟುಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಅದರಿಂದ ಅವಳ ಮನೆ ನಡೆಯುತ್ತಿತ್ತು. ಆದರೆ ತಕ್ಕ ಸಂಬಳ, ವಾರಕ್ಕೊಂದು ರಜೆ, ಬೇನೆ ಬಿದ್ದರೆ ಸಂಬಳ ಹಿಡಿಯದಿರುವುದು ಇಷ್ಟಾದರೂ ನಮ್ಮ ಪಟ್ಟಿಯಲ್ಲಿ ಇರಬೇಕು. ಮನೆಯಲ್ಲಿ ಉಣ್ಣುವ ನಾಲ್ವರು ಒಂದು ಕಡ್ಡಿಯನ್ನೂ ಎತ್ತಿಡದೆ, ಹೊರೆಯನ್ನೆಲ್ಲ ಒಬ್ಬ ಹೆಂಗಸಿನ ತಲೆಯಿಂದ ಇನ್ನೊಬ್ಬ ಹೆಂಗಸಿನ ತಲೆಗೆ ದಾಟಿಸಿದರೆ ಅದು ಬಿಡುವಿನ ಬೆಲೆ ಬೇರೆಯವರ ಕೈಯಿಂದ ಕೊಡಿಸಿದಂತೆ.

ಆದ್ದರಿಂದ ಮಗಳಿಗೆ ಗಂಟೆ ನಿಮಿಷ ತುಂಬಿದ ಪಟ್ಟಿಯನ್ನು ಕಳಿಸುವುದಿಲ್ಲ. ಅವಳ ಊರಿನ ನೀರಿನ ವೇಳೆ, ಶಾಲೆಯ ವೇಳೆ ನನಗೆ ಗೊತ್ತಿಲ್ಲ. ಮೂರು ಮಾತು ಮಾತ್ರ ಬರೆಯುತ್ತೇನೆ. ಪಟ್ಟಿಯನ್ನು ಒಬ್ಬಳೇ ಕುಳಿತು ಬರೆಯಬೇಡ. ಭಾನುವಾರ ಎಲ್ಲರೂ ಊಟ ಮಾಡಿದ ಮೇಲೆ ತಟ್ಟೆಗಳ ಮುಂದೆಯೇ ಕುಳಿತು ಬರೆಯಿರಿ. ಮೊದಲು ನಿನ್ನದೆಂಬ ಒಂದು ತಾಸನ್ನು ಬರೆ. ಅದು ಯಾರ ವೇಳೆಯಿಂದ ಬರುತ್ತದೆ ಎಂಬುದನ್ನು ಅದರ ಪಕ್ಕದಲ್ಲಿಯೇ ಬರೆ. ಮತ್ತು ಮುಂಜಾನೆಯ ಹೊತ್ತಿನಲ್ಲಿ ಎಲ್ಲಿಯಾದರೂ ಹತ್ತು ನಿಮಿಷ ಖಾಲಿ ಬಿಡು.

ಆ ಹತ್ತು ನಿಮಿಷ ಏತಕ್ಕೆ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಹೊಡೆತ ತಿಂದದ್ದು ಅವಳಿಗೆ ನೆನಪಿದ್ದಂತಿಲ್ಲ, ಪಟ್ಟಿ ನೆನಪಿದೆ. ನನಗೆ ಎರಡೂ ನೆನಪಿವೆ. ಈ ಸಂಚಿಕೆ ಅವಳ ಮನೆಗೂ ಹೋಗುತ್ತದೆ. ಅದಕ್ಕೆ ಮೊದಲು ಗುಬ್ಬಿಯ ವಿಷಯವನ್ನು ನಾನೇ ಹೇಳಿಬಿಡುವುದು ಒಳ್ಳೆಯದು.